ಜಾರಿದ ನೀಲಿ ಗೆರೆ

ನವೆಂಬರ್ ೧೪, ಕ್ಯೋಟೋ

ಕೈ ಇವತ್ತೂ ನಡುಗಿತು. ಕಬುಕಿ ನಾಟಕದಲ್ಲಿ ನಟರಾದ ನಮ್ಮ ಮುಖ ನಾವೇ ಬರೆದುಕೊಳ್ಳಬೇಕು. ನಲವತ್ತೆರಡು ವರ್ಷ ಖಳನ ನೀಲಿ ಗೆರೆಗಳನ್ನು ಇನ್ನೊಬ್ಬರ ಕೈಗೆ ಕೊಟ್ಟವನಲ್ಲ ನಾನು.

"ಗುರುಗಳೇ, ನಾನು ಬರೆದುಕೊಡ್ಲಾ?" ಎಂದ ಶಿಷ್ಯ ಸೋಜಿರೋ.

"ನಿನ್ನದು ನೋಡ್ಕೊಳ್ಳೋ! ಒಂದೊಂದು ಹುಬ್ಬು ಒಂದೊಂದು ಊರಿಗೆ ಹೊರಟಿದೆ" ಎಂದು ರೇಗಿದೆ. ಪಾಪ, ಅವನ ಹುಬ್ಬು ನೆಟ್ಟಗೇ ಇತ್ತು. ನನ್ನ ಕಣ್ಣಿನ ಕೆಳಗಿನ ಗೆರೆಯೇ ಜಾರಿ ಕೆನ್ನೆಗಿಳಿಯಿತು. ಅಳಿಸಲು ಹೊತ್ತಿರಲಿಲ್ಲ, ಹಾಗೇ ರಂಗಕ್ಕೆ ಹೋದೆ.

ಆಟ ಮುಗಿದ ಮೇಲೆ ರೂಢಿಯಂತೆ ರೇಷ್ಮೆ ಬಟ್ಟೆಗೆ ಮುಖ ಒತ್ತಿ, ಮೂಡಿದ ಅಚ್ಚನ್ನು ಹಳೆಯ ಅಭಿಮಾನಿ ಹಿಸಾನೋಗೆ ಕೊಟ್ಟೆ. ಏಳು ವರ್ಷದವಳಿದ್ದಾಗ ನನ್ನ ಖಳನನ್ನು ಕಂಡು ಚೀರಿ, ಅಮ್ಮನ ಮಡಿಲಲ್ಲಿ ಮುಖ ಮುಚ್ಚಿಕೊಂಡವಳು. ಅಂದಿನಿಂದ ನನ್ನ ಒಂದು ಆಟವನ್ನೂ ತಪ್ಪಿಸಿಲ್ಲ.

ಬಟ್ಟೆ ಬಿಡಿಸಿ ನೋಡಿ, "ಅಯ್ಯೋ, ಇವತ್ತು ನಿಮ್ಮನ್ನ ನೋಡಿ ಅಯ್ಯೋ ಪಾಪ ಅನ್ನಿಸ್ಬಿಡ್ತು. ಅಳ್ತಾ ಇದ್ದ ಹಾಗಿತ್ತು" ಎಂದಳು. ಪ್ರೀತಿಯಿಂದಲೇ ಅಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಖಳನಿಗೆ ಯಾರೂ ಹೆದರದಿದ್ದರೆ ನಾಯಕ ಯಾರನ್ನು ಗೆದ್ದ ಹಾಗಾಯಿತು?

ಇನ್ನೂ ಹನ್ನೊಂದು ದಿನದ ಆಟವಿದೆ. ನಾಳೆ ಸೋಜಿರೋ ಕೇಳಿದರೆ ಸುಮ್ಮನೆ ಮುಖ ಮುಂದೆ ಮಾಡುತ್ತೇನೆ. ಆದರೆ ಇಷ್ಟು ರೇಗಿದ ಮೇಲೆ ಅವನು ಕೇಳುತ್ತಾನೆಯೇ? ನಾನಾಗಿಯೇ ಅವನ ಮುಂದೆ ಕೂತು, ಮಗಾ, ಬರೆಯೋ ಎಂದು ಹೇಗೆ ಹೇಳಲಿ?