ಮುಟ್ಟಲೆಂದು ಮಾಡಿದ್ದಕ್ಕೆ ಗಾಜೇಕೆ?

ಸಾರ್ವಜನಿಕ ಗ್ರಂಥಾಲಯದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ತಾವೇ ಕೇಳಿ ಹಜಾರದ ಗೋಡೆಗೆ ಹಾಕಿಸಿಕೊಂಡ ನಮ್ಮ ಉಬ್ಬುಚಿತ್ರಕ್ಕೆ ಈಗ ಗಾಜು ಹೊದಿಸಿದ್ದೀರಿ. ಜೊತೆಗೆ 'ಮುಟ್ಟಬೇಡಿ' ಎಂಬ ಫಲಕ ಬೇರೆ. ನಾನೂ ನನ್ನ ಅಕ್ಕನೂ ಮಾಡುವ ಕೆಲಸವನ್ನು ಹೀಯಾಳಿಸಿದವರನ್ನು ಬೇಕಾದಷ್ಟು ಕಂಡಿದ್ದೇವೆ. "ಗುಜರಿ ಸಾಮಾನೆಲ್ಲ ಅಂಟಿಸಿದ್ರೆ ಕಲೆ ಆಗ್ಬಿಡುತ್ತಾ?" ಎಂದವರ ಮುಂದೆ ನಕ್ಕು ಸುಮ್ಮನಾಗಿದ್ದೇವೆ. ಗೌರವ ಕೊಟ್ಟು ಉಸಿರುಗಟ್ಟಿಸುವವರು ಸಿಕ್ಕಿದ್ದು ಇದೇ ಮೊದಲು.

ಆ ಕೃತಿ ಹೇಗಾಯಿತೆಂದು ತಮಗೆ ಯಾರೂ ಹೇಳಿರಲಾರರು. ಅಕ್ಕನಿಗೆ ಕಣ್ಣು ಕಾಣುವುದಿಲ್ಲ. ಹಳೆಯ ಬಾಗಿಲ ಮರ, ಗೋಣಿ, ತಂತಿ, ಅಂಗಿಯ ಗುಂಡಿ, ಸುಟ್ಟ ಮಣ್ಣಿನ ಚೂರು, ಇವುಗಳಲ್ಲಿ ಯಾವುದರ ಪಕ್ಕ ಯಾವುದು ಕೂರಬೇಕೆಂದು ತೀರ್ಮಾನಿಸುವುದು ಅವಳ ಬೆರಳು. ಕೊರೆಯುವುದು, ಅಂಟಿಸುವುದು, ಬೈಸಿಕೊಳ್ಳುವುದು ನನ್ನ ಪಾಲು. "ಇಲ್ಲಿ ತುಂಬಾ ನುಣುಪಾಯ್ತು ಕಣೋ, ಕೈ ಜಾರಿ ಹೋಗುತ್ತೆ. ಒಂಚೂರು ತಡೀಬೇಕು" ಎಂದಳೋ, ಉಜ್ಜಿದ್ದನ್ನು ಮತ್ತೆ ಗೀಚಬೇಕು. ಮರಕ್ಕೆ ನಾವು ಪಾಲಿಶ್ ಹಾಕುವುದೇ ಇಲ್ಲ. ಬರುವವರು ಹೋಗುವವರು ಸವರಿ ಸವರಿ ಅದಕ್ಕೆ ಹೊಳಪು ಬರಬೇಕು. ಅದೇ ನಮ್ಮ ಕೊನೆಯ ಬಣ್ಣ. ತಮ್ಮ ಕಚೇರಿ ಅದನ್ನು ಕೊಳೆಯೆಂದು ಗುರುತಿಸಿ, ಒರೆಸಿ, ಕೃತಿಯನ್ನೇ ಗಾಜಿನೊಳಗೆ ಕೂಡಿಹಾಕಿತು. ಪುಸ್ತಕಗಳೂ ಓದುಗರ ಕೈ ತಾಗಿ ಮಾಸುತ್ತವಲ್ಲ, ಅವಕ್ಕೆ ಯಾವಾಗ ಬೀಗ ಜಡಿಸುತ್ತೀರಿ?

ಹೋದ ವಾರ ಅಕ್ಕನನ್ನು ಕರೆತಂದೆ. ಗಾಜಿನ ಸಂಗತಿ ನನಗೂ ಗೊತ್ತಿರಲಿಲ್ಲ. ಅವಳು ಅಭ್ಯಾಸಬಲದಿಂದ ನೇರ ಗೋಡೆಯ ಬಳಿಗೆ ಹೋಗಿ ಕೈ ಚಾಚಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅಂಗೈ ಗಾಜಿಗೆ ತಾಗಿತ್ತು. ಅತ್ತ ಸವರಿದಳು, ಇತ್ತ ಸವರಿದಳು.

"ತೆಗೆದುಬಿಟ್ರೇನೋ ನಮ್ದನ್ನ?" ಎಂದಳು.

ಕಾವಲಿನವರು ಓಡಿ ಬಂದು, "ಅಮ್ಮಾ, ಕೈ ತೆಗೀರಿ, ಗಾಜಿನ ಮೇಲೆ ಗುರುತು ಬೀಳುತ್ತೆ" ಎಂದರು. ಅವರನ್ನು ದೂರುವುದಿಲ್ಲ. ಗುರುತು ಬಿದ್ದರೆ ಬೈಸಿಕೊಳ್ಳುವವರು ಅವರೇ ತಾನೇ?

ಅಂದೇ ತಮ್ಮನ್ನೂ ಕಂಡೆ. "ನಿಮ್ಮ ಒಳ್ಳೇದಕ್ಕೇ ಮಾಡಿಸಿದ್ದು ಕಣ್ರೀ. ಇನ್ನು ನೂರು ವರ್ಷ ಹೀಗೇ ಇರುತ್ತೆ, ಬೇಕಾದ್ರೆ ನೋಡಿ" ಎಂದಿರಿ. ಮಾಡಿದವಳಿಗೇ ದಕ್ಕದ್ದು ನೂರು ವರ್ಷ ಇದ್ದು ಯಾರನ್ನು ಉದ್ಧಾರ ಮಾಡಬೇಕು, ಸ್ವಾಮಿ?

ಅಂದಿನಿಂದ ಅಕ್ಕ ಕೆಲಸದ ಕೋಣೆಗೆ ಕಾಲಿಟ್ಟಿಲ್ಲ. ಹೊಸ ಕೃತಿಯೊಂದು ಮೇಜಿನ ಮೇಲೆ ಅರ್ಧಕ್ಕೆ ನಿಂತಿದೆ. ಕರೆದರೆ, "ನೀನೇ ಮುಗಿಸ್ಕೋ ಹೋಗೋ. ಹೆಂಗೂ ಕಣ್ಣಿದ್ದೋರಿಗೆ ತಾನೇ" ಎನ್ನುತ್ತಾಳೆ. ಅವಳಿಲ್ಲದೆ ನನಗೆ ಮುಗಿಸಲು ಬರುವುದಿಲ್ಲ. ಅವಳು ಈ ಕೆಲಸವನ್ನೇ ಬಿಟ್ಟುಬಿಡುತ್ತಾಳೇನೋ ಎಂದು ನನಗೆ ನಿಜವಾಗಿಯೂ ಭಯವಾಗಿದೆ.

ಆದ್ದರಿಂದ ಗಾಜು ತೆಗೆಸಿ, ಫಲಕ ಕೀಳಿಸಿ. ಆಗದಿದ್ದರೆ ಕೃತಿಯನ್ನು ವಾಪಸು ಕೊಡಿ. ನಮ್ಮ ಮನೆಯ ಹೊರಗೋಡೆಗೆ, ಬೀದಿಗೆ ಕಾಣುವಂತೆ ಹಾಕುತ್ತೇವೆ. ಮಳೆ ಬಿಸಿಲಿಗೆ ಬೇಗ ಹಾಳಾಗುತ್ತದೆ, ಗೊತ್ತು. ಹಾಳಾಗುವವರೆಗಾದರೂ ಅಕ್ಕ ಅದನ್ನು ನೋಡಬಹುದು.

ಇಂತಿ,
ಕಣ್ಣಿದ್ದೂ ಕೈಕಟ್ಟಿ ಕುಳಿತಿರುವ
ಅವಳ ತಮ್ಮ