ಗಾಜಿನಾಚೆ ನಿಂತ ಬಡಗಿಗೆ

ಪ್ರೀತಿಯ ಬಡಗಿಯಣ್ಣನವರಿಗೆ,

ಹಸುಗೂಸುಗಳ ತುರ್ತು ನಿಗಾ ಘಟಕದ ಬಾಗಿಲಲ್ಲಿ ನಿಮ್ಮನ್ನು ತಡೆದ ನರ್ಸ್ ನಾನು. ಬೆನ್ನ ಹಿಂದೆ ‘ಜೈಲರಮ್ಮ’ ಅನ್ನುತ್ತಿದ್ದಿರಲ್ಲ, ಅವಳೇ. ನನಗೆ ಕೇಳಿಸುತ್ತಿತ್ತು, ಬೇಜಾರೇನೂ ಇಲ್ಲ.

ಅವತ್ತು ಆಗಷ್ಟೇ ಹುಟ್ಟಿದ ಮಗನನ್ನು ನೋಡಲು ಕೆಲಸದ ಅಂಗಿಯಲ್ಲೇ ಓಡಿ ಬಂದು ಬಾಗಿಲಲ್ಲಿ ಸೀನಿದಿರಿ. ನೆಗಡಿಯಲ್ಲ, ಮರದ ಪುಡಿ ಎಂದಿರಿ. ನಾನು ನಂಬಲಿಲ್ಲ. ಬೇಡ ಅನ್ನಲು ಆ ಕೂಸುಗಳಿಗೆ ಬಾಯಿಲ್ಲ, ಅವುಗಳ ಪರವಾಗಿ ಅನ್ನುವುದಕ್ಕೇ ನನಗೆ ಸಂಬಳ. ಕೈ ತೊಳೆಯದೆ ಬಂದರೆ ದೊಡ್ಡ ಡಾಕ್ಟರನ್ನೇ ವಾಪಸ್ ಕಳಿಸುವವಳು, ನಿಮ್ಮನ್ನು ಬಿಡುತ್ತೇನೆಯೇ? ನಿಮ್ಮತ್ತೆ ಶಿಫಾರಸಿಗೆ ಬಂದರೂ ಜಗ್ಗಲಿಲ್ಲ. ನೀವು ಗಾಜಿಗೆ ಹಣೆಯೊತ್ತಿ, ಒಂದೇ ಒಂದು ಸಲ ಬೆರಳು ಮುಟ್ಟಿಸಿ ಹೋಗುತ್ತೇನೆ ಎಂದು ಗೋಗರೆದಿರಿ. ಮೂಗು ಸರಿಹೋದ ಮೇಲೆ ಬನ್ನಿ ಎಂದು ಕಳಿಸಿಬಿಟ್ಟೆ.

ನೀವು ಮತ್ತೆ ಬರುವಷ್ಟರಲ್ಲಿ ಮಗ ಹೋಗಿಬಿಟ್ಟಿದ್ದ.

ಬಟ್ಟೆಯಲ್ಲಿ ಸುತ್ತಿದ ಅವನನ್ನು ನಿಮ್ಮ ಕೈಗೆ ಕೊಡಲು ಬಂದರೆ ನೀವು ಕೈ ಹಿಂದಕ್ಕೆ ಕಟ್ಟಿಕೊಂಡಿರಿ. ನನ್ನ ಮೇಲಿನ ಸಿಟ್ಟು ಎಂದುಕೊಂಡೆ. ಅಷ್ಟರಲ್ಲಿ ಇನ್ನೊಂದು ಕೂಸಿನ ಯಂತ್ರ ಕೂಗಿತು, ಅವನನ್ನು ನಿಮ್ಮತ್ತೆಯ ಕೈಗಿಟ್ಟು ಓಡಿದೆ.

ಮೊನ್ನೆ ಲಸಿಕೆಯ ಸಾಲಿನಲ್ಲಿ ನಿಮ್ಮ ಹೆಂಡತಿ ಸಿಕ್ಕರು. ಮಡಿಲಲ್ಲಿ ದುಂಡುದುಂಡಗೆ ಮಗಳು, ಊರಿಗೇ ಕೇಳುವ ಗಂಟಲು. ಅವಳಿಗೆ ತೊಟ್ಟಿಲು ಮಾಡಿ, ಮೂಲೆಮೂಲೆ ಉಜ್ಜಿ ನಯ ಮಾಡಿದ್ದೀರಂತೆ. ಆದರೆ ಒಮ್ಮೆಯೂ ಎತ್ತಿಕೊಂಡಿಲ್ಲವಂತೆ. “ಮೊದಲನೇದು ನನ್ನ ಸೀನಿಂದಲೇ ಹೋಯ್ತು, ಇದನ್ನ ಮುಟ್ಟಲ್ಲ ಅಂತಾರೆ, ಸಿಸ್ಟರ್” ಎಂದು ಅತ್ತರು. ಅವತ್ತು ನೀವು ಕೈ ಹಿಂದಕ್ಕೆ ಕಟ್ಟಿಕೊಂಡದ್ದು ಸಿಟ್ಟಿಗಲ್ಲ ಎಂದು ಆಗ ತಿಳಿಯಿತು.

ಅಣ್ಣಾ, ಮಗನ ಹೃದಯ ಹುಟ್ಟುವಾಗಲೇ ಸರಿಯಾಗಿ ಕೂಡಿರಲಿಲ್ಲ. ಡಾಕ್ಟರು ಹೇಳಿದ್ದರು, ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ನೀವಿರಲಿಲ್ಲ. ಸೋಂಕಿನ ಸುಳಿವೂ ಅವನ ಮೈಯಲ್ಲಿರಲಿಲ್ಲ. ನಿಮ್ಮ ಸೀನು ಅವನ ಹತ್ತಿರ ಸುಳಿಯಲೇ ಇಲ್ಲ. ಇದನ್ನು ಅವತ್ತೇ ನಿಮ್ಮನ್ನು ಕೂರಿಸಿಕೊಂಡು ಹೇಳಬೇಕಿತ್ತು.

ಕೂಸುಗಳ ಪರ ಮಾತಾಡುವವಳು ಎಂದು ಬೀಗುತ್ತಿದ್ದೆ. ಅಪ್ಪನ ಬೆರಳು ಬೇಕು ಎಂದೂ ನಿಮ್ಮ ಮಗ ಕೇಳುತ್ತಿರಬಹುದು ಎಂದು ನನಗೆ ಹೊಳೆಯಲಿಲ್ಲ. ಕೈ ತೊಳೆಸಿ, ಮಾಸ್ಕು ಕಟ್ಟಿಸಿ, ಒಂದು ಗಳಿಗೆ ಒಳಗೆ ಬಿಡಬಹುದಿತ್ತು. ಆ ಕೊರಗು ನನ್ನದು, ಅದನ್ನು ನನಗೇ ಬಿಡಿ.

ಈಗ ನಿಮ್ಮ ಮಗಳ ಪರವಾಗಿ ಹೇಳುತ್ತಿದ್ದೇನೆ. ಈ ಕಾಗದ ಕೆಳಗಿಟ್ಟು ಅವಳನ್ನು ಎತ್ತಿಕೊಳ್ಳಿ. ಅವಳು ಅತ್ತರೆ ಅಳಲಿ, ನೀವು ಅತ್ತರೂ ಪರವಾಗಿಲ್ಲ.

ಎತ್ತಲಾರದಷ್ಟು ಭಾರವಾಗಿ ಅವಳು ಬೆಳೆಯಲಿ ಎಂದು ಹರಸುವ,
ಕೂಸುಗಳ ವಾರ್ಡಿನ ನರ್ಸಮ್ಮ