ಗೋರಿಕಟ್ಟೆಯ ಮೇಲಿನ ನಿದ್ದೆ

ಸವಾಯಿ ದ್ವೀಪ, ಸಮೋವಾ
ಸೋಮವಾರ, ಆಗಸ್ಟ್ ೧೨

ಪ್ರೀತಿಯ ಲೋಸಿವಾಲೆ ಚಿಕ್ಕಮ್ಮನಿಗೆ,

ಮೊದಲು ಸುದ್ದಿ, ಆಮೇಲೆ ಕ್ಷೇಮ ಸಮಾಚಾರ. ಅಮ್ಮನ ಗೋರಿ ಅಗೆಯುವುದು ನಿಂತಿತು! ಆಕ್ಲೆಂಡಿನಲ್ಲಿ ಕೂತು ನೀವು ಬರೆದ ಎರಡು ಹಾಳೆ ನಮ್ಮಮ್ಮನನ್ನು ಅವಳ ಜಾಗದಲ್ಲೇ ಉಳಿಸಿತು. ಚಪ್ಪರದಲ್ಲಿ ಅಮ್ಮನ ಪಕ್ಕ ಕೂತು ಇಪ್ಪತ್ತು ವರ್ಷ ಚಾಪೆ ಹೆಣೆದ ಕೈಗಳಿಗೆ ಇಲ್ಲಿಂದಲೇ ಮುತ್ತು.

ಹಿಂದಿನ ಕಾಗದದಲ್ಲಿ ಅರ್ಧಂಬರ್ಧ ಹೇಳಿದ್ದೆ, ಈಗ ಪೂರ್ತಿ ಕೇಳಿ. ಅಮ್ಮ ಹೋಗಿ ನಾಲ್ಕು ತಿಂಗಳಾಯಿತಲ್ಲ, ಅವತ್ತಿನಿಂದ ಕಣ್ಣು ಮುಚ್ಚಿದರೆ ಸಾಕು, ನನಗೆ ಕಾಟ ಶುರು. ಮೊದಲು ಕತ್ತಲಲ್ಲಿ ಚಾಪೆಯ ಎಳೆಗಳು ತಾವಾಗಿಯೇ ಹೆಣೆದುಕೊಳ್ಳುತ್ತಿದ್ದವು. ದಿನವಿಡೀ ಅದೇ ಕೆಲಸ ಮಾಡುವವಳಿಗೆ ಅದೇನೋ ಸರಿ ಎನ್ನಿ. ಆಮೇಲೆ ಕಿವಿಯಲ್ಲಿ ದುಂಬಿ ಹೊಕ್ಕಂತೆ ಗುಂಯ್‌ಗುಡುವುದು, ಮೈ ತೇಲಿ ಮೇಲೆದ್ದು ಧೊಪ್ಪೆಂದು ಬೀಳುವುದು, ಎದೆಯ ಮೇಲೆ ಯಾರೋ ಕೂತಷ್ಟು ಭಾರ. ಕೈಕಾಲು ಅಲುಗುತ್ತಿರಲಿಲ್ಲ. ಕೊನೆಗೆ ಕಿವಿಯ ಪಕ್ಕದಲ್ಲೇ ಅಮ್ಮನ ದನಿ: "ಮೆರಿಪಾ!" ಚೀರಿಕೊಂಡು ಎದ್ದರೆ ಯಾರೂ ಇಲ್ಲ.

ಬಾಯಿ ಮುಚ್ಚಿಕೊಂಡಿರಬೇಕಿತ್ತು. ಹೋಗಿ ಹೋಗಿ ತುಯಾಸೌ ಮಾವನಿಗೆ ಹೇಳಿಬಿಟ್ಟೆ. ಅಮ್ಮನ ಅಣ್ಣ, ಮನೆತನದ ಯಜಮಾನ, ಅವರು ಹೇಳಿದ್ದೇ ಆಗಬೇಕು. "ಅವಳಿಗಲ್ಲಿ ನೆಮ್ಮದಿ ಇಲ್ಲ ಕಣೇ. ಮಲಗಿಸಿದ್ದು ಸೊಟ್ಟಗಾಗಿದೆ. ಬರೋ ಶನಿವಾರ ಹೊರಗೆ ತೆಗೆದು, ಎಣ್ಣೆ ಹಚ್ಚಿ, ನೆಟ್ಟಗೆ ಮಲಗಿಸೋಣ" ಎಂದರು. ಹಿಂದಿನವರು ಮಾಡುತ್ತಿದ್ದ ಪದ್ಧತಿ, ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಆದರೆ ನಾಲ್ಕೇ ತಿಂಗಳು ಚಿಕ್ಕಮ್ಮಾ!

ಇನ್ನೊಂದನ್ನು ಯಾರಿಗೂ ಹೇಳಿರಲಿಲ್ಲ. ಕೊನೆಯ ದಿನ ಅಮ್ಮ ಕರೆದಾಗ ನಾನು ಹೆಣೆಯುತ್ತಿದ್ದೆ. "ಇದೊಂದು ಸಾಲು ಮುಗಿಸಿ ಬಂದೆ" ಎಂದೆ. ಸಾಲು ಮುಗಿಸಿ ಒಳಗೆ ಹೋಗುವಷ್ಟರಲ್ಲಿ ಅವಳಿರಲಿಲ್ಲ. ಆ ಕರೆಯೇ ಇದು, ಅಮ್ಮ ನನ್ನ ಮೇಲೆ ಮುನಿಸಿಕೊಂಡಿದ್ದಾಳೆ ಎಂದೇ ನಂಬಿದ್ದೆ.

ಆಗ ಬಂತು ನಿಮ್ಮ ಕಾಗದ. ರಾತ್ರಿಯೆಲ್ಲ ಆಫೀಸು ಗುಡಿಸಿ ಹಗಲು ಮಲಗುವ ನಿಮಗೂ ಹೀಗೇ ಆಗುತ್ತದೆ ಎಂದು ಓದಿಯೇ ಅರ್ಧ ಜೀವ ಬಂತು. "ಮೈ ಮುಂಚೆ ಮಲಗುತ್ತೆ, ಬುದ್ಧಿ ಆಮೇಲೆ. ನಡುವೆ ಸಿಕ್ಕಿಕೊಂಡಾಗ ಒದ್ದಾಡಬೇಡ, ಸುಮ್ನೆ ನೋಡ್ತಾ ಇರು, ಎಚ್ಚರವಾಗೇ ಕನಸಿನೊಳಕ್ಕೆ ಹೋಗ್ತೀಯ. ಅನುಮಾನ ಬಂದ್ರೆ ಚಾಪೆ ನೋಡು, ಆಚೆ ನೋಡು, ಮತ್ತೆ ಚಾಪೆ ನೋಡು. ಕನಸಲ್ಲಿ ಹೆಣಿಗೆ ಇದ್ದ ಹಾಗೆ ಇರಲ್ಲ" ಎಂದು ಬರೆದಿದ್ದಿರಿ. ತೀರಿಕೊಂಡ ಚಿಕ್ಕಪ್ಪನ ಹತ್ತಿರ ಹೀಗೇ ಎಷ್ಟೋ ಸಲ ಮಾತಾಡಿದ್ದೀರೆಂದೂ ಬರೆದಿದ್ದಿರಿ.

ಮಾವನ ಮುಂದೆ ನಿಂತು, ನಾನೇ ಅಮ್ಮನನ್ನು ಕೇಳುತ್ತೇನೆ, ಆಮೇಲೆ ಅಗೆಯಿರಿ ಎಂದೆ. "ಕೇಳು, ಕೇಳು. ಅವಳು ಬದುಕಿದ್ದಾಗ್ಲೇ ನಿನಗೆ ಕಿವಿ ಕೇಳ್ತಿರಲಿಲ್ಲ" ಎಂದು ಚುಚ್ಚಿದರು. ಅವರಿಗೇನೂ ಗೊತ್ತಿರಲಿಲ್ಲ, ಆದರೂ ಚುರ್ರೆಂದಿತು.

ಮೊದಲ ದಿನ ಬರೀ ಗೊರಕೆ. ಎರಡನೆಯ ದಿನ, ಇದು ಕನಸು ಎಂದು ಗೊತ್ತಾದ ಖುಷಿಗೆ "ಹೋ!" ಎಂದು ಕೂಗಿ ಎಚ್ಚರವಾಗಿಬಿಟ್ಟಿತು. ಅಂಗಳದ ಕೋಳಿಗಳೆಲ್ಲ ದಿಕ್ಕಾಪಾಲು! ನಿನ್ನೆ ಭಾನುವಾರ ಚರ್ಚಿನಿಂದ ಬಂದು, ತಾರೋ ಗೆಡ್ಡೆ, ತೆಂಗಿನಹಾಲಿನಲ್ಲಿ ಬೆಂದ ಸೊಪ್ಪು ತಿಂದು ಊರಿಗೆ ಊರೇ ಮಲಗಿದಾಗ, ಅಂಗಳದಲ್ಲಿ ಅಮ್ಮನ ಗೋರಿಕಟ್ಟೆಯ ಮೇಲೆಯೇ ಚಾಪೆ ಹಾಸಿದೆ. ಗುಂಯ್ ಎಂದಿತು. ಎದೆ ಭಾರವಾಯಿತು. "ಮೆರಿಪಾ!" ಎಂದು ಕೇಳಿಸಿತು. ಪ್ರಾಣ ಬಾಯಿಗೆ ಬಂದರೂ ಒದ್ದಾಡಲಿಲ್ಲ. ಎಳೆಗಳು ಸರಿದು ಸರಿದು ನಮ್ಮ ಚಪ್ಪರವಾದವು. ಅಲ್ಲಿ ಅಮ್ಮ ಬೆನ್ನು ಹಾಕಿ ಕೂತು ಹೆಣೆಯುತ್ತಿದ್ದಳು. ಚಾಪೆ ನೋಡಿದೆ, ಕಡಲು ನೋಡಿದೆ, ಮತ್ತೆ ಚಾಪೆ ನೋಡಿದೆ. ಎಳೆಗಳ ದಿಕ್ಕೇ ಬದಲಾಗಿತ್ತು. ಈ ಸಲ ಕೂಗಲಿಲ್ಲ. ಹತ್ತಿರ ಹೋಗಿ ಕೂತು ಕೇಳಿದೆ. ಎಚ್ಚರವಾದಾಗ ಕಟ್ಟೆಯ ಸಿಮೆಂಟು ಬಿಸಿಲಿಗೆ ಬೆಚ್ಚಗಿತ್ತು, ನನ್ನ ಕೆನ್ನೆ ಒದ್ದೆಯಾಗಿತ್ತು.

ನೆಟ್ಟಗೆ ಮಾವನ ಬಳಿ ಹೋಗಿ, ಅಮ್ಮ ಹಾಯಾಗಿದ್ದಾಳಂತೆ, ಅಲುಗಿಸಬೇಡಿ ಎಂದಳು ಎಂದೆ. ಮಾವ, "ನನ್ ಬಗ್ಗೆ ಏನಾದ್ರೂ ಅಂದ್ಲಾ?" ಎಂದರು. "ಅಣ್ಣನಿಗೆ ಹೊತ್ತು ಹೊತ್ತಿಗೆ ಊಟ ಹಾಕು ಅಂದ್ಲು" ಎಂದೆ. ಅಂಥ ಗಟ್ಟಿ ಮನುಷ್ಯ, ಮಗುವಿನ ಹಾಗೆ ಅತ್ತುಬಿಟ್ಟರು. ತಂದಿಟ್ಟಿದ್ದ ಹಾರೆಯನ್ನು ಅವರೇ ಹಿತ್ತಲಿಗೆ ಹೊತ್ತೊಯ್ದರು.

ನೀವು ನನ್ನನ್ನು ಹುಚ್ಚಿ ಎನ್ನಲಿಲ್ಲ, ಹೆದರಿಸಲಿಲ್ಲ. ಕೈಹಿಡಿದು ಹೆಣಿಗೆ ಕಲಿಸಿದಂತೆ ನಿದ್ದೆ ಮಾಡುವುದನ್ನೂ ಕಲಿಸಿದಿರಿ. ನಿಮಗೆಂದು ಒಂದು ಚಾಪೆ ಹೆಣೆಯಲು ಹಿಡಿದಿದ್ದೇನೆ. ಈ ಉಪಕಾರಕ್ಕೆ ಅದು ಯಾವ ಮೂಲೆಗೂ ಸಾಲದು, ಆದರೂ ಅದರ ಮೇಲೆ ಮಲಗಿ.

ನಿಮ್ಮ ಮಗಳಂತಿರುವ
ಮೆರಿಪ

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ಅಮ್ಮ ಒಂದೇ ಒಂದು ಮಾತೂ ಆಡಲಿಲ್ಲ ಚಿಕ್ಕಮ್ಮ. ತಿರುಗಿಯೂ ನೋಡಲಿಲ್ಲ. ಕೇಳಿ ಕೇಳಿ ಸಾಕಾಗಿ ಅವಳ ಬೆನ್ನಿಗೆ ಕೆನ್ನೆಯಿಟ್ಟು ಕೂತೆ. ಅವಳು ಸಾಲು ಮುಗಿಸುತ್ತಿದ್ದಳು, ನಾನು ಕಾದೆ. ಮಾವನಿಗೆ ಹೇಳಿದ್ದೆಲ್ಲ ನನ್ನದೇ ಮಾತು. ಚಿಕ್ಕಪ್ಪ ನಿಮ್ಮ ಕನಸಿನಲ್ಲಿ ಆಡಿದ ಮಾತುಗಳೂ ಹಾಗೇ ಇದ್ದರೆ ಇರಲಿ ಬಿಡಿ, ನಾನು ಕೇಳುವುದಿಲ್ಲ. ಇವತ್ತು ಮಧ್ಯಾಹ್ನ ಕಣ್ಣು ಹತ್ತುವಾಗಲೂ ಅಮ್ಮ ಕರೆದಳು. "ಬಂದೆ ಅಮ್ಮಾ" ಎಂದು ಮೊದಲ ಕರೆಗೇ ಎದ್ದು ಹೋದೆ.